ಸೀಟು ಮೇಲೇಳಲು ಯಾರ ಅಪ್ಪಣೆ ಬೇಕು?

ನೋಡಿ, ಪವರ್ ವೀಲ್‌ಚೇರ್ ಅಂದ್ರೆ ನಮಗೆ ಒಂದೇ ವಸ್ತು. ಅಮೆರಿಕದ ಬಿಲ್ಲಿನಲ್ಲಿ ಹಾಗಲ್ಲ. ಕುರ್ಚಿಗೆ ಒಂದು ಕೋಡ್, ಹೆಡ್‌ರೆಸ್ಟ್‌ಗೆ ಇನ್ನೊಂದು, ಸೀಟು ಬಾಗಿಸುವ ಮೋಟಾರಿಗೆ ಮತ್ತೊಂದು. ಪ್ರತಿಯೊಂದೂ ಯಾಕೆ ಬೇಕು ಅಂತ ವೈದ್ಯಕೀಯ ದಾಖಲೆ ಹೇಳಬೇಕು.

65 ದಾಟಿದವರಿಗೆ, ಅಂಗವೈಕಲ್ಯ ಇರುವ ಹಲವರಿಗೆ ಅಲ್ಲಿ ಮೆಡಿಕೇರ್ ಅನ್ನೋ ಸರ್ಕಾರಿ ವಿಮೆ ಇದೆ. ವರ್ಷದ ಡಿಡಕ್ಟಿಬಲ್ ಕಟ್ಟಿದ ಮೇಲೆ, ಒಪ್ಪಿದ ದರದಲ್ಲಿ 80% ಅದು ಕೊಡುತ್ತೆ, 20% ರೋಗಿಯ ಪಾಲು. ಆದ್ರೆ ಸೀಟನ್ನು ಮೇಲಕ್ಕೆತ್ತುವ ಸಾಧನಕ್ಕೆ ಬಹಳ ವರ್ಷ ಬಿಡಿಗಾಸೂ ಇರಲಿಲ್ಲ. ಕಾರಣ? ಅದು ವೈದ್ಯಕೀಯ ಸಾಧನವೇ ಅಲ್ಲವಂತೆ!

ಕಾಲಿಗೆ ಶಕ್ತಿ ಇಲ್ಲದವರು ಕುರ್ಚಿಯಿಂದ ಎತ್ತರದ ಮಂಚಕ್ಕೆ ಹೋಗೋದು ಹೇಗೆ? ಇಡೀ ದೇಹದ ಭಾರ ಭುಜದ ಮೇಲೆ. ದಿನಾ ಹಲವು ಸಲ. ಭುಜ ಸೋತರೆ ಉಳಿದ ಸ್ವಾತಂತ್ರ್ಯವೂ ಹೋಯ್ತು. ಜಾರಿ ಬಿದ್ದರೆ ಆಸ್ಪತ್ರೆ.

ಕೊನೆಗೆ 2023ರ ಮೇ 16ರಂದು ಮೆಡಿಕೇರ್ ನಿಲುವು ಬದಲಿಸಿತು. ಸಂಕೀರ್ಣ ಅಗತ್ಯದವರ ಗ್ರೂಪ್ 3 ಕುರ್ಚಿಗಳಿಗೆ ಈ ಸಾಧನ ಸಿಗುತ್ತೆ. ಷರತ್ತು ಇದೆ: ಫಿಸಿಯೋಥೆರಪಿಸ್ಟ್‌ನಂಥ ತಜ್ಞರು ಪರೀಕ್ಷಿಸಿ, ಮನೆಯಲ್ಲಿ ಕುರ್ಚಿಯಿಂದ ಇಳಿದು ಹತ್ತಲು ಅಥವಾ ನಿತ್ಯದ ಕೆಲಸಕ್ಕೆ ಕೈ ಎಟುಕಲು ಇದು ಬೇಕು ಅಂತ ದಾಖಲಿಸಬೇಕು. ನಿಂತುಕೊಳ್ಳಲು ನೆರವಾಗುವ ಸಾಧನ ಮಾತ್ರ ಆ ತೀರ್ಮಾನದಲ್ಲಿ ಸೇರಲಿಲ್ಲ.

ನಿಮ್ಮವರು ಯಾರಾದರೂ ಅಲ್ಲಿದ್ದರೆ ಇಷ್ಟು ಹೇಳಿ: ದಾಖಲೆಯಲ್ಲಿ ‘ಅನುಕೂಲ’ ಅಂತ ಬರೆದರೆ ಸಾಲದು. ಆ ವ್ಯಕ್ತಿಗೆ ಏನು ಮಾಡಲು ಆಗ್ತಿಲ್ಲ, ಈ ಸಾಧನದಿಂದ ಏನು ಸಾಧ್ಯವಾಗುತ್ತೆ ಅನ್ನೋದು ಅಲ್ಲಿ ಇರಲೇಬೇಕು.