ನಿಮಗಿದು ಗೊತ್ತೇ? ಸವಳು ನೆಲದಲ್ಲಿ ಬೆಳೆಯ ಹೋರಾಟ

ಬೋರಿನ ನೀರು ಸವಳಾಗಿದ್ದರೆ ವಿಜಯಪುರ ಜಿಲ್ಲೆಯ ಬಿಜ್ಜರಗಿ ಕಡೆಯ ದ್ರಾಕ್ಷಿ ಪಡದಲ್ಲಿ ಬೇಸಿಗೆಯಲ್ಲೊಮ್ಮೆ ಬಗ್ಗಿ ನೋಡಿ. ಡ್ರಿಪ್ಪಿನ ಹನಿ ಬಿದ್ದ ತೇವದ ಅಂಚಿಗೆ ಹಿಟ್ಟು ಉದುರಿದಂತೆ ಬಿಳಿ ಉಪ್ಪು. ತಲೆ ಎತ್ತಿದರೆ, ಅಂಚು ಸೀದ ಎಲೆ. ಆ ಎಲೆಯೊಳಗೆ ನಡೆಯುವುದೇನು?

● ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ, ಸಾರವಾಡ, ತಾಳಿಕೋಟೆ ದಾಟಿ ಕೃಷ್ಣೆ ಸೇರುವ ಡೋಣಿ ನದಿಯ ನೀರೇ ಸವಳು. ಆದರೂ ಡೋಣಿ ದಂಡೆಯ ಎರೆಹೊಲ ಬಿಳಿಜೋಳಕ್ಕೆ ಹೆಸರುವಾಸಿ!

● ಮಣ್ಣು ಪರೀಕ್ಷೆಯ ಚೀಟಿಯಲ್ಲಿ ‘ಇಸಿ’ ಎಂಬ ಅಂಕಿ ಇರುತ್ತದೆ. ಅದು ಉಪ್ಪಿನ ಅಳತೆ; ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಸವಳು ನೆಲ. ಜೋಳ ಸುಮಾರು 6.8ರವರೆಗೆ, ಹತ್ತಿ 7.7ರವರೆಗೆ ಇಳುವರಿ ಬಿಟ್ಟುಕೊಡದು. ದ್ರಾಕ್ಷಿ 1.5ಕ್ಕೆ, ಉಳ್ಳಾಗಡ್ಡಿ 1.2ಕ್ಕೇ ಸೋಲತೊಡಗುತ್ತವೆ.

● ಉಪ್ಪು ಹೆಚ್ಚಾದರೆ ಬೇರಿಗೆ ನೀರು ದಕ್ಕದು. ಎಲೆ ತನ್ನ ರಂಧ್ರ ಮುಚ್ಚಿಕೊಳ್ಳುತ್ತದೆ. ಬಿಸಿಲು ಮಾತ್ರ ಬೀಳುತ್ತಲೇ ಇರುತ್ತದೆ. ಬಳಕೆಯಾಗದ ಆ ಶಕ್ತಿ ಆಮ್ಲಜನಕವನ್ನು ಕೆರಳಿಸಿ, ಜೀವಕೋಶವನ್ನೇ ಸುಡುವಂತೆ ಮಾಡುತ್ತದೆ.

● ಕೆರಳಿದ ಆಮ್ಲಜನಕವನ್ನು ಪಳಗಿಸುವುದೇ ಆ್ಯಂಟಿಆಕ್ಸಿಡೆಂಟ್ ಕೆಲಸ. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುಸ್ಸನೆ ನೊರೆ ಬರುವುದು ನಮ್ಮ ರಕ್ತದ ಕ್ಯಾಟಲೇಸ್ ಕಿಣ್ವದಿಂದ. ಕೆರಳಿದ ಆಮ್ಲಜನಕದ ಒಂದು ರೂಪವಾದ ಇದೇ ಪೆರಾಕ್ಸೈಡನ್ನು ಬಳ್ಳಿಯ ಎಲೆಯಲ್ಲೂ ಕ್ಯಾಟಲೇಸ್ ಒಡೆಯುತ್ತದೆ.

● ಹೆಚ್ಚಿದ ಬದನೆಕಾಯಿಗೆ ಇಂಡಿ ತಾಲ್ಲೂಕಿನ ಲಿಂಬೆ ಹಿಂಡಿದರೆ ಬೇಗ ಕಪ್ಪಾಗದು. ಲಿಂಬೆಯ ಹುಳಿಯ ಜೊತೆ ಅದರ ‘ಸಿ’ ಜೀವಸತ್ವವೂ ಅಲ್ಲಿ ಕಾವಲು ನಿಲ್ಲುತ್ತದೆ. ಗಿಡ ತನಗೆ ಬೇಕಾದ ‘ಸಿ’ಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ದ್ರಾಕ್ಷಿಗೆ ಹುಳಿ ಕೊಡುವ ಟಾರ್ಟಾರಿಕ್ ಆಮ್ಲ ಹುಟ್ಟುವುದೂ ಇದೇ ‘ಸಿ’ಯಿಂದ!

● ಬಿತ್ತುವ ಮೊದಲು ಬೀಜವನ್ನು ‘ಸಿ’ ಜೀವಸತ್ವದ ಇಲ್ಲವೇ ಸ್ಯಾಲಿಸಿಲಿಕ್ ಆಮ್ಲದ ತೆಳು ದ್ರಾವಣದಲ್ಲಿ ನೆನೆಸಿದರೆ ಸವಳಿನಲ್ಲೂ ಮೊಳಕೆ ಸುಧಾರಿಸಿದ್ದನ್ನು ಗೋಧಿಯಂಥ ಬೆಳೆಗಳ ಪ್ರಯೋಗಗಳು ತೋರಿಸಿವೆ. ಅಳತೆ ಮೀರಿದರೆ ಅದೇ ಔಷಧಿ ಸಸಿಗೆ ಪೆಟ್ಟು.

● ನಮ್ಮ ಪಡಗಳಲ್ಲಿ ಬೇರಿನ ಗಿಡವಾಗಿ ನೆಡುವ ‘ಡಾಗ್‌ರಿಜ್’ ಅಮೆರಿಕದ ಟೆಕ್ಸಾಸ್ ಮೂಲದ ಕಾಡುದ್ರಾಕ್ಷಿ. ಸವಳು, ಬರ ಎರಡನ್ನೂ ತಾಳುತ್ತದೆ. ಅದರ ಮೇಲೆ ಥಾಮ್ಸನ್, ಸೊನಾಕಾ ತಳಿಗಳ ಕಸಿ ಕಟ್ಟಿದರೆ ಬೇರು ಒಬ್ಬರದು, ಹಣ್ಣು ಇನ್ನೊಬ್ಬರದು!

● ಆ್ಯಂಟಿಆಕ್ಸಿಡೆಂಟ್ ಗಿಡಕ್ಕೆ ತಾಳಿಕೆ ಕೊಡುತ್ತದೆ. ಮಣ್ಣಿನ ಒಂದು ಹರಳು ಉಪ್ಪನ್ನೂ ತೆಗೆಯದು. ಉಪ್ಪು ಹೊರಹೋಗಲು ಬಸಿಗಾಲುವೆ ಬೇಕು, ಕ್ಷಾರ ಮಣ್ಣಿಗೆ ಜಿಪ್ಸಂ ಬೇಕು. ಕಾಲುವೆ ನೀರು ಬಂತೆಂದು ಎರೆಹೊಲಕ್ಕೆ ಮಿತಿಮೀರಿ ಹಾಯಿಸಿದರೆ, ಆಳದ ಉಪ್ಪು ಮೇಲೇರಿ ಹೊಲವೇ ಸವಳು-ಜವಳಾದೀತು. ಆ್ಯಂಟಿಆಕ್ಸಿಡೆಂಟ್ ಬಾಟಲಿ ಕೊಳ್ಳುವ ಮೊದಲು ಒಂದು ಹಿಡಿ ಮಣ್ಣು, ಒಂದು ಸೀಸೆ ಬೋರಿನ ನೀರು ಪರೀಕ್ಷೆಗೆ ಹೋಗಲಿ.