ಅಂತರ್ಜಾಲದ ಪೇಟೆ ಮತ್ತು ಗ್ರಾಹಕನ ರಕ್ಷಣೆ: ಬಂಕಾಪುರದ ನೆಲೆಯಿಂದ ಒಂದು ವಿವೇಚನೆ

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಬಂಕಾಪುರವು ಇತಿಹಾಸದ ವಿದ್ಯಾರ್ಥಿಗಳಿಗೆ ಅಪರಿಚಿತವಾದ ಊರಲ್ಲ. ರಾಷ್ಟ್ರಕೂಟ ಅಮೋಘವರ್ಷನ ಸೇನಾನಿ ಬಂಕೆಯನ ಹೆಸರನ್ನು ಹೊತ್ತ ಈ ಊರು ಒಂದು ಕಾಲಕ್ಕೆ ಬನವಾಸಿ ನಾಡಿನ ಆಡಳಿತದ ಕೇಂದ್ರವಾಗಿತ್ತು. ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ಜನರು ಇಂದಿಗೂ ಅರವತ್ತು ಕಂಬದ ಗುಡಿಯೆಂದೇ ಕರೆಯುತ್ತಾರೆ. 'ನಗರ' ಎಂಬ ಶಬ್ದವು ಮಧ್ಯಯುಗದ ಶಾಸನಗಳಲ್ಲಿ ಊರನ್ನು ಮಾತ್ರವಲ್ಲದೆ ವರ್ತಕರ ಸಮೂಹವನ್ನೂ ಸೂಚಿಸುತ್ತದೆಂಬುದನ್ನು ವಾಚಕರು ಬಲ್ಲರು. ವ್ಯಾಪಾರವು ಈ ನಾಡಿಗೆ ಹೊಸದಲ್ಲ. ಹೊಸದಾಗಿರುವುದು ಅದರ ರೀತಿ. ಇಂದು ಅಂಗೈಯೊಳಗಿನ ದೂರವಾಣಿಯಿಂದ ಬೇಡಿಕೆ ಕಳಿಸಿದರೆ, ಎಂದೂ ಕಾಣದ ವರ್ತಕನೊಬ್ಬನ ಸರಕು ಬಂಕಾಪುರದಂಥ ಊರಿನ ಮನೆಬಾಗಿಲಿಗೂ ಬಂದು ಮುಟ್ಟುತ್ತದೆ. ಒಬ್ಬರನ್ನೊಬ್ಬರು ಕಾಣದ ಇಬ್ಬರ ನಡುವೆ ಕ್ರಯವಿಕ್ರಯವು ಯಾವ ನಂಬಿಕೆಯ ಮೇಲೆ ನಡೆಯುತ್ತದೆ, ಆ ನಂಬಿಕೆ ಮುರಿದಲ್ಲಿ ಗ್ರಾಹಕನಿಗೆ ಗತಿಯೇನು ಎಂಬುದನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

1. ಹಳೆಯ ಪೇಟೆಯ ನಂಬಿಕೆ

ಊರ ಪೇಟೆಯಲ್ಲಿ ಗ್ರಾಹಕನಿಗೆ ಮೂರು ಬಗೆಯ ರಕ್ಷಣೆಯಿತ್ತು. ಮೊದಲನೆಯದು ಸರಕಿನ ಪರೀಕ್ಷೆ. ಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದು, ಮುರಿದು, ಮೂಸಿ ನೋಡದೆ ಯಾರೂ ಕೊಳ್ಳುತ್ತಿರಲಿಲ್ಲ. ಎರಡನೆಯದು ಪರಿಚಯ. ಅಂಗಡಿಕಾರನು ಇಂದು ಮೋಸ ಮಾಡಿದರೆ ನಾಳೆ ಅದೇ ಬೀದಿಯಲ್ಲಿ ಮುಖ ತೋರಿಸಬೇಕಾಗಿತ್ತು. ಮೂರನೆಯದು ಉದ್ರಿ. ಹಣವು ಗ್ರಾಹಕನ ಕೈಯಲ್ಲೇ ಉಳಿದಿರುವವರೆಗೆ ದೂರಿಗೆ ಬೆಲೆಯುಂಟು. ಅಂತರ್ಜಾಲದ ವ್ಯಾಪಾರದಲ್ಲಿ ಈ ಮೂರೂ ಇಲ್ಲವಾಗುತ್ತವೆ: ಸರಕಿನ ಬದಲು ಅದರ ಚಿತ್ರ, ಪರಿಚಯದ ಬದಲು ಅಪರಿಚಿತರ ಅಭಿಪ್ರಾಯಗಳು, ಉದ್ರಿಯ ಬದಲು ಬಹುಮಟ್ಟಿಗೆ ಮುಂಗಡ ಪಾವತಿ.

ಆದರೆ ಯಂತ್ರವು ಪೇಟೆಯೊಳಗೆ ಬಂದ ಮಾತ್ರಕ್ಕೆ ಪರೀಕ್ಷೆಯು ಹೋಗಲೇಬೇಕೆಂದಿಲ್ಲ. ಇದಕ್ಕೆ ನಮ್ಮ ಜಿಲ್ಲೆಯ ಬ್ಯಾಡಗಿಯ ಮಾರುಕಟ್ಟೆಯೇ ನಿದರ್ಶನ. ಅಲ್ಲಿ ಖರೀದಿದಾರರು ಪ್ರಾಂಗಣದಲ್ಲಿ ಮೆಣಸಿನಕಾಯಿಯ ರಾಶಿಗಳನ್ನು ಕಣ್ಣಾರೆ ನೋಡಿ, ಬಳಿಕ ತಮ್ಮ ಧಾರಣೆಯನ್ನು ಗಣಕಯಂತ್ರದ ಮೂಲಕ ನಮೂದಿಸುತ್ತಾರೆ. ಬೆಲೆಯ ನಿರ್ಣಯ ಮಾತ್ರ ಯಂತ್ರದ್ದು. ಸರಕಿನ ಪರೀಕ್ಷೆ ಮನುಷ್ಯನದೇ. ಅದೇ ಬ್ಯಾಡಗಿ ಮೆಣಸಿನಕಾಯಿ ಪುಡಿಯಾಗಿ ಪೊಟ್ಟಣದಲ್ಲಿ ಸೇರಿ ಅಂತರ್ಜಾಲದಲ್ಲಿ ಮಾರಾಟಕ್ಕೆ ಬಂದಾಗ ಕೊಳ್ಳುವವನಿಗೆ ಬಣ್ಣವೂ ವಾಸನೆಯೂ ತಿಳಿಯುವಂತಿಲ್ಲ. 2011ರಲ್ಲಿ ಈ ಬೆಳೆಗೆ ದೊರೆತ ಭೌಗೋಳಿಕ ಸೂಚಕದ ಮಾನ್ಯತೆ, ಆಹಾರ ಸುರಕ್ಷತೆಯ ಪರವಾನಗಿ ಸಂಖ್ಯೆ, ತಯಾರಕನ ಪೂರ್ಣ ವಿಳಾಸ ಇವುಗಳೇ ಅವನಿಗೆ ಕಣ್ಣು ಮೂಗುಗಳ ಸ್ಥಾನದಲ್ಲಿ ನಿಲ್ಲಬೇಕು. ಕಾಣದ ಸರಕನ್ನು ಕೊಳ್ಳುವವನು ಕಾಣುವ ದಾಖಲೆಯನ್ನಾದರೂ ಪರೀಕ್ಷಿಸಬೇಕು ಎಂಬುದು ಇದರಿಂದ ಹೊರಡುವ ಮೊದಲನೆಯ ಸೂತ್ರ.

2. ದೂರದ ವ್ಯಾಪಾರದ ಬೆಳವಣಿಗೆ

ದೂರದಿಂದ ಸರಕು ತರಿಸುವ ಪದ್ಧತಿಯೂ ತೀರ ಹೊಸದಲ್ಲ. ಭಾರತದ ಅಂಚೆ ಇಲಾಖೆಯು 1877ರಲ್ಲಿ ವಿ.ಪಿ. ಪದ್ಧತಿಯನ್ನು ಆರಂಭಿಸಿತು. ಪತ್ರಿಕೆಯ ಜಾಹೀರಾತನ್ನು ನೋಡಿ ಕಾಗದ ಬರೆದರೆ ಪುಸ್ತಕ, ಔಷಧಿ, ಗಡಿಯಾರ ಮುಂತಾದುವು ಅಂಚೆಯಲ್ಲಿ ಬರುತ್ತಿದ್ದುವು. ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಗಿತ್ತು. ಕಟ್ಟು ಬಿಚ್ಚಿ ನೋಡುವುದು ಹಣ ಕೊಟ್ಟ ಮೇಲೆಯೇ ಎಂಬ ದೋಷವು ಅಂದೂ ಇತ್ತು.

ಬೆಂಗಳೂರಿನಲ್ಲಿ 1999ರಲ್ಲಿ ಫ್ಯಾಬ್‌ಮಾರ್ಟ್ ಅಂತರ್ಜಾಲದ ಅಂಗಡಿಯನ್ನು ತೆರೆಯಿತು. ಆಗ ಅಂತರ್ಜಾಲದ ಸಂಪರ್ಕವೂ ಕ್ರೆಡಿಟ್ ಕಾರ್ಡೂ ಕೆಲವರಿಗಷ್ಟೇ ಇದ್ದುವು. 2007ರಲ್ಲಿ ಅದೇ ನಗರದಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ 2010ರಲ್ಲಿ ಸರಕು ಮುಟ್ಟಿದಾಗ ಹಣ ಪಡೆಯುವ ಪದ್ಧತಿಯನ್ನು ತಂದಿತು. ವಾಸ್ತವವಾಗಿ ಇದು ವಿ.ಪಿ.ಯ ತತ್ತ್ವವೇ, ಗ್ರಾಹಕನ ಅಂಜಿಕೆಯನ್ನು ಕಡಿಮೆ ಮಾಡಿದ್ದರಿಂದಲೇ ಇದು ಹರಡಿತು. 2013ರಲ್ಲಿ ಅಮೆಜಾನ್ ಭಾರತದಲ್ಲಿ ತನ್ನ ಮಾರಾಟ ತಾಣವನ್ನು ತೆರೆಯಿತು. 2016ರಲ್ಲಿ ಯುಪಿಐ ಪಾವತಿ ವ್ಯವಸ್ಥೆ ಬಂದಿತು. ಅದೇ ವರ್ಷದಿಂದ ಮೊಬೈಲ್ ಅಂತರ್ಜಾಲದ ದರವೂ ಬಹಳವಾಗಿ ಇಳಿಯಿತು. ಸಣ್ಣ ಊರಿನ ಗ್ರಾಹಕನು ಪೇಟೆಗೆ ಬಂದದ್ದು ಈ ಎರಡರ ಫಲವಾಗಿ. ಬೇಕಾದ ಪಠ್ಯಪುಸ್ತಕ, ಯಂತ್ರದ ಬಿಡಿಭಾಗಗಳಿಗಾಗಿ ಹುಬ್ಬಳ್ಳಿಗೆ ಹೋಗಿ ಬರುವ ಬಸ್ಸಿನ ಖರ್ಚೂ ಒಂದು ದಿನದ ದುಡಿಮೆಯೂ ಉಳಿಯುವುದಾದರೆ ಜನರು ಹೊಸ ದಾರಿಯನ್ನು ಹಿಡಿಯುವುದು ಸಹಜವೇ.

3. ವಂಚನೆಯ ಬಗೆಗಳು

ಮೋಸವು ಸಾಮಾನ್ಯವಾಗಿ ಸರಕಿನಲ್ಲಿ, ವಿಳಾಸದಲ್ಲಿ, ಪಾವತಿಯಲ್ಲಿ ಎಂದು ಮೂರು ಸ್ಥಾನಗಳಲ್ಲಿ ನಡೆಯುತ್ತದೆ.

ಸರಕಿನ ಮೋಸದಲ್ಲಿ ನಕಲಿ ಅಥವಾ ಬೇರೆ ವಸ್ತು ಬರುತ್ತದೆ. ಬೇಡಿಕೆಯನ್ನೇ ಕಳಿಸದ ಮನೆಗೆ ಕಟ್ಟನ್ನು ತಂದು ಹಣ ಕೇಳುವುದೂ ಉಂಟು. ಮಕ್ಕಳು ತರಿಸಿರಬಹುದೆಂದು ಹಿರಿಯರು ಕೊಟ್ಟುಬಿಡುತ್ತಾರೆ. ಕಟ್ಟನ್ನು ಬಿಚ್ಚುವಾಗಲೇ ಚಲಚ್ಚಿತ್ರ ತೆಗೆದಿಡುವುದು ಮುಂದಿನ ದೂರಿಗೆ ಒಳ್ಳೆಯ ಸಾಕ್ಷ್ಯ.

ವಿಳಾಸದ ಮೋಸ ಹೆಚ್ಚು ಸೂಕ್ಷ್ಮವಾದುದು. ಹೆಸರಾಂತ ಅಂಗಡಿಯನ್ನೇ ಹೋಲುವ ಜಾಲತಾಣವನ್ನು ನಿರ್ಮಿಸಿ ಭಾರಿ ರಿಯಾಯಿತಿಯ ಆಸೆ ತೋರಿಸುತ್ತಾರೆ. ಇಲ್ಲಿ ವಿಳಾಸವನ್ನು ಓದುವ ಕ್ರಮವನ್ನು ತಿಳಿದಿರಬೇಕು. ಅಂಚೆಯ ವಿಳಾಸದಲ್ಲಿ ಮನೆ, ಓಣಿ, ಬಂಕಾಪುರ, ಶಿಗ್ಗಾಂವಿ ತಾಲೂಕು, ಹಾವೇರಿ ಜಿಲ್ಲೆ ಎಂದು ಕಿರಿದರಿಂದ ಹಿರಿದಕ್ಕೆ ಹೋಗುತ್ತೇವಷ್ಟೆ. ಜಾಲತಾಣದ ವಿಳಾಸವೂ ಹಾಗೆಯೇ. ಮೊದಲನೆಯ ಓರೆಗೆರೆಗಿಂತ ಹಿಂದೆ, 'ಡಾಟ್ ಕಾಮ್' ಅಥವಾ 'ಡಾಟ್ ಇನ್' ಎಂಬುದಕ್ಕೆ ತಗುಲಿಕೊಂಡಂತೆ ಇರುವ ಹೆಸರೇ ಒಡೆಯನದು. ಅದಕ್ಕಿಂತ ಮುಂಚೆ ಯಾವ ಪ್ರಸಿದ್ಧ ಹೆಸರನ್ನು ಸೇರಿಸಿದ್ದರೂ ಅದಕ್ಕೆ ಬೆಲೆಯಿಲ್ಲ. ಮನೆಗೆ 'ಅರಮನೆ' ಎಂದು ಹೆಸರಿಟ್ಟರೆ ಅದರಲ್ಲಿರುವವನು ಅರಸನಾಗುವುದಿಲ್ಲ. ವಿಳಾಸದ ಬಳಿ ಕಾಣುವ ಬೀಗದ ಗುರುತನ್ನು ಅನೇಕರು ಪ್ರಾಮಾಣಿಕತೆಯ ಮುದ್ರೆಯೆಂದು ಭಾವಿಸುತ್ತಾರೆ. ನಾವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಮೂರನೆಯವನು ಓದಲಾರನೆಂದಷ್ಟೇ ಅದರ ಅರ್ಥ. ಆ ಕಡೆ ಕುಳಿತವನು ಕಳ್ಳನೋ ಸಭ್ಯನೋ ಎಂಬುದನ್ನು ಬೀಗವು ಹೇಳದು.

ಪಾವತಿಯ ಮೋಸದ ಬೇರು ಒಂದು ತಪ್ಪು ತಿಳಿವಳಿಕೆಯಲ್ಲಿದೆ. ಹಣ ಮರಳಿಸುತ್ತೇವೆಂದು ನಂಬಿಸಿ, ಸಂಕೇತಚಿತ್ರವನ್ನು ಸ್ಕ್ಯಾನ್ ಮಾಡಿ ಯುಪಿಐ ಪಿನ್ ಒತ್ತಿರಿ ಎನ್ನುತ್ತಾರೆ. ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಎಂದೂ ಬೇಕಿಲ್ಲ. ಈ ಒಂದು ವಾಕ್ಯವನ್ನು ಮನೆಮನೆಗೆ ಮುಟ್ಟಿಸಿದರೆ ಅನೇಕ ವಂಚನೆಗಳು ನಿಂತಾವು. ಹುಡುಕುತಾಣದಲ್ಲಿ ಸಿಕ್ಕಿದ ಗ್ರಾಹಕ ಸೇವೆಯ ಸಂಖ್ಯೆ ಸುಳ್ಳಾಗಿರಬಹುದು. ಅಂಗಡಿಯ ಸ್ವಂತ ತಾಣದಲ್ಲಿ ಕೊಟ್ಟ ಸಂಖ್ಯೆಯನ್ನೇ ಬಳಸಬೇಕು. ನಮ್ಮ ದೂರವಾಣಿಯ ಪರದೆಯನ್ನು ಬೇರೆಯವರಿಗೆ ಕಾಣಿಸುವ ತಂತ್ರಾಂಶವನ್ನು ಅಪರಿಚಿತರ ಮಾತಿನಿಂದ ಅಳವಡಿಸಿಕೊಳ್ಳುವುದು ತಿಜೋರಿಯ ಕೀಲಿಯನ್ನು ಕೊಟ್ಟಂತೆ.

4. ಕಾನೂನಿನ ಆಸರೆ

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019, ಮುಂದಿನ ವರ್ಷದ ಜುಲೈ 20ರಂದು ಜಾರಿಗೆ ಬಂದಿತು. ಅದರ ಬೆನ್ನಲ್ಲೇ ಬಂದ ಇ-ವಾಣಿಜ್ಯದ ನಿಯಮಗಳ ಪ್ರಕಾರ ಮಾರಾಟಗಾರನ ಹೆಸರು ವಿಳಾಸಗಳನ್ನೂ ಸರಕು ತಯಾರಾದ ದೇಶವನ್ನೂ ತಾಣದಲ್ಲಿ ತಿಳಿಸಬೇಕು. ಕುಂದುಕೊರತೆಯ ಅಧಿಕಾರಿಯು ದೂರು ಮುಟ್ಟಿದ ಬಗ್ಗೆ 48 ಗಂಟೆಗಳಲ್ಲಿ ತಿಳಿಸಿ, ಒಂದು ತಿಂಗಳೊಳಗೆ ಪರಿಹಾರ ನೀಡಬೇಕು.

ಈ ಅಧಿನಿಯಮದ ಇನ್ನೊಂದು ಅಂಶವು ನಮ್ಮ ಪ್ರಸ್ತುತ ವಿಷಯಕ್ಕೆ ಅತ್ಯಂತ ಮಹತ್ತ್ವದ್ದು. ಮೊದಲು ಗ್ರಾಹಕನು ಸಾಮಾನ್ಯವಾಗಿ ಎದುರು ಪಕ್ಷದವನಿರುವ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಸ್ಥಳದಲ್ಲಿ ದೂರು ಹೂಡಬೇಕಾಗಿತ್ತು. ಈಗ 34ನೆಯ ಕಲಮಿನಂತೆ ತಾನು ವಾಸಿಸುವ ಜಿಲ್ಲೆಯಲ್ಲೇ ಹೂಡಬಹುದು. ದೆಹಲಿಯ ವರ್ತಕನ ಮೇಲೆ ಬಂಕಾಪುರದವನು ಹಾವೇರಿಯಲ್ಲೇ ನ್ಯಾಯ ಕೇಳಬಲ್ಲನೆಂದಾಯಿತು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವೂ ಇಲ್ಲ. ವ್ಯಾಪಾರವು ದೂರವನ್ನು ಅಳಿಸಿದಂತೆ ನ್ಯಾಯವೂ ದೂರವನ್ನು ಅಳಿಸಬೇಕೆಂಬ ತತ್ತ್ವವು ಇಲ್ಲಿ ಅಡಗಿದೆ. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಹಣವೇ ಅಪಹಾರವಾದಲ್ಲಿ ದಾರಿ ಬೇರೆ. ಆಗ 1930 ಎಂಬ ಸಂಖ್ಯೆಗೂ ತನ್ನ ಬ್ಯಾಂಕಿಗೂ ಕೂಡಲೆ ತಿಳಿಸಬೇಕು. ಕದ್ದ ಹಣವು ಖಾತೆಯಿಂದ ಖಾತೆಗೆ ಬೇಗನೆ ಸಾಗುವುದರಿಂದ, ಅದನ್ನು ನಡುವೆ ತಡೆಹಿಡಿಯುವ ಅವಕಾಶವಿರುವುದು ಮೊದಲ ಕೆಲವು ಗಂಟೆಗಳಲ್ಲಿ. 2017ರ ಜುಲೈ 6ರ ಸುತ್ತೋಲೆಯಲ್ಲಿ ರಿಜರ್ವ್ ಬ್ಯಾಂಕು ಹಾಕಿಕೊಟ್ಟ ತತ್ತ್ವವೂ ಇದನ್ನೇ ಹೇಳುತ್ತದೆ. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದಾಗ, ಬ್ಯಾಂಕಿನಿಂದ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ಅವನು ತಿಳಿಸಿದರೆ ನಷ್ಟವು ಅವನದಲ್ಲ. ಗುಪ್ತಸಂಖ್ಯೆಯನ್ನು ತಾನೇ ಹೇಳಿಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ಅವನದು. ತಿಳಿಸಿದ ಮೇಲಿನದು ಬ್ಯಾಂಕಿನದು.

5. ಉಪಸಂಹಾರ

ಮೇಲಿನ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಹಳೆಯ ಪೇಟೆಯಲ್ಲಿ ಗ್ರಾಹಕನನ್ನು ಕಾಯುತ್ತಿದ್ದುದು ಊರಿನ ಕಣ್ಣು. ಹೊಸ ಪೇಟೆಯಲ್ಲಿ ಅವನನ್ನು ಕಾಯಬೇಕಾದುದು ತಿಳಿವಳಿಕೆ ಮತ್ತು ದಾಖಲೆ. ಕಾನೂನು ಇದ್ದರೂ ಅದು ಕರೆದವನಿಗಷ್ಟೇ ಓಗೊಡುತ್ತದೆ. ಮೋಸಹೋದವರಲ್ಲಿ ಅನೇಕರು ನಗೆಗೀಡಾಗುವ ಸಂಕೋಚದಿಂದ ಬಾಯಿಬಿಡುವುದಿಲ್ಲ; ವಂಚಕನಿಗೆ ಬೇಕಾದುದೂ ಆ ಮೌನವೇ. ಕೂಲಿಯಿಂದ ಕೂಡಿಸಿದ ನಾಲ್ಕು ಸಾವಿರ ರೂಪಾಯಿ ಹೋದರೆ ಬಡ ಕುಟುಂಬವೊಂದರ ತಿಂಗಳ ಸಂಸಾರವೇ ತಪ್ಪುತ್ತದೆ. ಆದುದರಿಂದ ಕಾಲೇಜಿನ ಅಧ್ಯಾಪಕರು ವಾಣಿಜ್ಯದ ಪಾಠದೊಡನೆ ಒಂದು ವಿಳಾಸವನ್ನು ಓದುವ, ಒಂದು ದೂರನ್ನು ಬರೆಯುವ ಅಭ್ಯಾಸವನ್ನೂ ಮಾಡಿಸಬೇಕೆಂದು ಸೂಚಿಸುತ್ತೇವೆ. ಅನೇಕ ಮನೆಗಳಲ್ಲಿ ಹಿರಿಯರ ಪರವಾಗಿ ಸರಕು ತರಿಸುವವರು ವಿದ್ಯಾರ್ಥಿಗಳೇ. ಅವರು ಕಲಿತದ್ದು ಮನೆಯವರೆಲ್ಲರಿಗೂ ರಕ್ಷಣೆಯಾಗುವುದರಲ್ಲಿ ಸಂದೇಹವಿಲ್ಲ.