ಮಂಗನ ಕಾಯಿಲೆಯೂ ನಮ್ಮ ತೆರಿಗೆಯ ಹಣವೂ

ಸೋದರಿಯರೇ, ಸಂಬಳ ಕೈಗೆ ಬಂದ ದಿನ ನಾವೇನು ಮಾಡುತ್ತೇವೆ? ಹಾಲಿಗಿಷ್ಟು, ದಿನಸಿಗಿಷ್ಟು, ಮಕ್ಕಳ ಫೀಸಿಗಿಷ್ಟು ಎಂದು ಪಾಲು ಹಾಕುತ್ತೇವೆ. ಹಟ ಹಿಡಿದು ಕೇಳಿದವರಿಗೆ ಮೊದಲು ಸಿಗುತ್ತದೆ. ಬಾಯಿಬಿಟ್ಟು ಕೇಳದ ಅತ್ತೆಯ ಕನ್ನಡಕ ಮಾತ್ರ ಮುಂದಿನ ತಿಂಗಳಿಗೆ ಹೋಗುತ್ತದೆ! ರೋಗಗಳ ಸಂಶೋಧನೆಗೆ ಸರ್ಕಾರ ಹಣ ಹಂಚುವಾಗಲೂ ಹೆಚ್ಚುಕಡಿಮೆ ಇದೇ ಕಥೆ.

ನನ್ನ ತವರು ಸಾಗರದ ಕಡೆ. ಕೊಟ್ಟಿಗೆಗೆ ದರಗು ತರಲು ಕಾಡಿಗೆ ಹೋಗುತ್ತಿದ್ದ ನೆರೆಮನೆಯಾಕೆ ಒಂದು ಬೇಸಿಗೆಯಲ್ಲಿ ಜ್ವರ, ತಲೆನೋವು ಎಂದು ಹಾಸಿಗೆ ಹಿಡಿದರು. ಪುಣ್ಯಕ್ಕೆ ಬದುಕಿಕೊಂಡರು. ಆದರೆ ಮೊದಲಿನಂತೆ ಕೊಡ ಹೊರಲು ತಿಂಗಳುಗಳೇ ಹಿಡಿದವು. ಅದು ಮಂಗನ ಕಾಯಿಲೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಜನರೂ ಜ್ವರದಿಂದ ಸತ್ತರು. ಆಗ ಇದರ ವೈರಸ್ಸನ್ನು ಪತ್ತೆಮಾಡಿದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಉಣುಗು ಕಚ್ಚಿ ರೋಗ ಬರುತ್ತದೆಂದು ತಿಳಿದದ್ದೂ ಆಗಲೇ. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಜೊತೆಗೂಡಿ ಈ ಕೇಂದ್ರವನ್ನು ಕಟ್ಟಿತ್ತು.

ಈ ಮಂಡಳಿಗೆ ಹಣ ಎಲ್ಲಿಂದ ಅಂತೀರಾ? ನಾವು ಸೋಪು, ಬಟ್ಟೆ ಕೊಂಡಾಗ ಕೊಡುವ ತೆರಿಗೆಯೂ ಅದರಲ್ಲಿದೆ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಆರೋಗ್ಯ ಸಚಿವಾಲಯಕ್ಕೆ ಇಟ್ಟದ್ದು ಸುಮಾರು 99,800 ಕೋಟಿ ರೂಪಾಯಿ. ಅದರಲ್ಲಿ ಸಂಶೋಧನಾ ಇಲಾಖೆಗೆ ಸುಮಾರು 3,900 ಕೋಟಿ. ಅಂದರೆ ನೂರು ರೂಪಾಯಿಗೆ ನಾಲ್ಕು ರೂಪಾಯಿಯೂ ಪೂರ್ತಿ ಇಲ್ಲ! ಇದರ ದೊಡ್ಡ ಪಾಲು ಮಂಡಳಿಗೆ ಹೋಗುತ್ತದೆ. ಮಂಡಳಿ ಒಂದಿಷ್ಟನ್ನು ತನ್ನದೇ ಸಂಸ್ಥೆಗಳಿಗೆ ಕೊಡುತ್ತದೆ. ಇನ್ನೊಂದಿಷ್ಟನ್ನು ಕಾಲೇಜು, ಆಸ್ಪತ್ರೆಗಳ ವಿಜ್ಞಾನಿಗಳು ಅರ್ಜಿ ಹಾಕಿ ಪಡೆಯುತ್ತಾರೆ. ಅರ್ಜಿಯನ್ನು ತಜ್ಞರ ಸಮಿತಿ ಅಳೆದು ನೋಡುತ್ತದೆ. ಎಷ್ಟು ಜನ ನರಳುತ್ತಿದ್ದಾರೆ, ಕೆಲಸ ಆಗುವಂಥದ್ದೇ ಎಂದು ವಿಚಾರಿಸುತ್ತದೆ. ಹಣ ಕಂತಿನಲ್ಲಿ ಬರುತ್ತದೆ, ಲೆಕ್ಕ ಒಪ್ಪಿಸಬೇಕು.

ಖಾಸಗಿ ಕಂಪೆನಿಗಳು ಲಾಭ ನೋಡುತ್ತವೆ. ಕೆಲವೇ ತಾಲ್ಲೂಕಿನ ಬಡವರಿಗೆ ಬರುವ ರೋಗಕ್ಕೆ ಔಷಧಿ ಮಾಡಿದರೆ ಕೊಳ್ಳುವವರು ಯಾರು? ಅಲ್ಲಿ ಸರ್ಕಾರದ ಹಣವೇ ಗತಿ. ಮಂಗನ ಕಾಯಿಲೆಗೆ 1990ರಿಂದ ನಮ್ಮ ರಾಜ್ಯದಲ್ಲಿ ಲಸಿಕೆ ಕೊಡುತ್ತಿದ್ದರು. ಅದರ ಶಕ್ತಿ ಸಾಲದೆಂದು 2022ರಲ್ಲಿ ನಿಲ್ಲಿಸಿದರು. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಸಾವುಗಳಾದಾಗಲಷ್ಟೇ ಊರೆಲ್ಲ ಇದರ ಮಾತು. ಈಗ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆಗೂಡಿ ಹೊಸ ಲಸಿಕೆಯ ಕೆಲಸಕ್ಕೆ ಕೈಹಾಕಿದೆ. ರೋಗ ಕಂಡು ಅರವತ್ತು ವರ್ಷ ದಾಟಿದ ಮೇಲೆ!

ಹಾಗಾದರೆ ನಾವೇನು ಮಾಡಬಹುದು? ಬರೆದಿಟ್ಟ ಲೆಕ್ಕವೇ ಸಮಿತಿಯ ಮುಂದೆ ಬರುವುದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿನ ಕಡೆಯವರಿಗೆ ಜ್ವರ ಬಂದರೆ ಮನೆಮದ್ದು ಮಾಡಿಕೊಂಡು ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಅದರಿಂದ ಜೀವವೂ ಉಳಿಯುತ್ತದೆ, ಲೆಕ್ಕವೂ ಸಿಗುತ್ತದೆ. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ, ಡೆಪಾ ತೈಲ ಹಚ್ಚಿಕೊಳ್ಳಿ, ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕಾರ್ಯಕರ್ತೆಗೆ ತಿಳಿಸಿ. ಮತ ಕೇಳಲು ಬಂದವರನ್ನು, "ನಮ್ಮ ಲಸಿಕೆ ಎಲ್ಲಿಗೆ ಬಂತು?" ಎಂದು ಕೇಳಿಯೇ ಬಿಡಿ.

ಅಂದಹಾಗೆ, ಈ ತಿಂಗಳು ಅತ್ತೆಯ ಕನ್ನಡಕಕ್ಕೆ ಮೊದಲೇ ಹಣ ತೆಗೆದಿಟ್ಟಿದ್ದೇನೆ.